ವಿಚಾರಣೆಯ ವಿಚಾರಣೆ

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿ ಅರ್ಕಾನ್ಸಾಸ್ ಎಂಬ ರಾಜ್ಯವಿದೆ. ಅಲ್ಲಿನ ಎಲೇನ್ ಎಂಬ ಊರಿನ ಸುತ್ತಮುತ್ತ ಕಪ್ಪು ಜನಾಂಗದ ರೈತರು ಬಿಳಿಯ ಭೂಮಾಲೀಕರ ಹೊಲಗಳನ್ನು ಬೆಳೆಯ ಪಾಲಿಗೆ ಉಳುತ್ತಿದ್ದರು. ಹತ್ತಿಗೆ ನ್ಯಾಯವಾದ ಬೆಲೆ ದೊರೆಯಬೇಕೆಂದು ಅವರು ಸಂಘ ಕಟ್ಟಿಕೊಂಡರು. 1919ರ ಸೆಪ್ಟೆಂಬರ್ 30ರ ರಾತ್ರಿ ಅವರು ಚರ್ಚೊಂದರಲ್ಲಿ ಸಭೆ ಸೇರಿದ್ದಾಗ ಗುಂಡಿನ ಕಾಳಗ ನಡೆದು ಬಿಳಿಯನೊಬ್ಬನು ಸತ್ತನು. ಮುಂದಿನ ದಿನಗಳಲ್ಲಿ ಶಸ್ತ್ರಧಾರಿ ಗುಂಪುಗಳು ಕಪ್ಪು ಜನರನ್ನು ಬೇಟೆಯಾಡಿದವು. ಸತ್ತ ಬಿಳಿಯರು ಐವರು. ಸತ್ತ ಕಪ್ಪು ಜನರನ್ನು ಸರಿಯಾಗಿ ಎಣಿಸಿದವರೇ ಇಲ್ಲ. ಆದರೆ ಕೊಲೆಯ ಆರೋಪವನ್ನು ಹೊತ್ತವರು ಕಪ್ಪು ಜನರು ಮಾತ್ರ. ಅವರಲ್ಲಿ ಹನ್ನೆರಡು ಮಂದಿಗೆ ಮರಣದಂಡನೆ ವಿಧಿಸಲಾಯಿತು.

ಆ ವಿಚಾರಣೆ ನಡೆದ ಬಗೆ ಎಂಥದು? ನ್ಯಾಯಾಲಯದ ಒಳಗೂ ಹೊರಗೂ ಕೆರಳಿದ ಜನ ಕಿಕ್ಕಿರಿದಿದ್ದರು. ಆರೋಪಿಗಳ ವಕೀಲನು ಒಬ್ಬ ಸಾಕ್ಷಿಯನ್ನೂ ಕರೆಸಲಿಲ್ಲ. ಕಪ್ಪು ಜನರಿಗೆ ಪಂಚರ ಮಂಡಲಿಯಲ್ಲಿ ಸ್ಥಾನವಿರಲಿಲ್ಲ. ಮುಕ್ಕಾಲು ಗಂಟೆಯಲ್ಲಿ ವಿಚಾರಣೆ ಮುಗಿಯಿತು. ಐದು ನಿಮಿಷ ಕಳೆಯುವ ಮೊದಲೇ ಪಂಚರು ಅಪರಾಧ ರುಜುವಾತಾಯಿತೆಂದು ಸಾರಿದರು. ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಫ್ರಾಂಕ್ ಮೂರ್ ಮತ್ತು ಅವನ ಸಂಗಡಿಗರ ಶಿಕ್ಷೆಯನ್ನು ಎತ್ತಿಹಿಡಿಯಿತು.

ಗುಲಾಮಗಿರಿಯಲ್ಲಿದ್ದ ತಾಯಿಯ ಮಗನಾದ ಸಿಪಿಯೋ ಜೋನ್ಸ್ ಎಂಬ ವಕೀಲರು ಈ ಬಂದಿಗಳ ಪರವಾಗಿ ನಿಂತರು. ಅವರಿಗೆ ಉಳಿದಿದ್ದ ದಾರಿ ಹೇಬಿಯಸ್ ಕಾರ್ಪಸ್ ಅರ್ಜಿ. ಬಂಧನದಲ್ಲಿಟ್ಟವರು ಆ ಬಂಧನಕ್ಕೆ ನ್ಯಾಯಸಮ್ಮತವಾದ ಆಧಾರವನ್ನು ನ್ಯಾಯಾಧೀಶರಿಗೆ ತೋರಿಸಬೇಕೆಂಬುದೇ ಈ ಆಜ್ಞೆಯ ತಿರುಳು. ರಾಜ್ಯದ ಸೆರೆಯಲ್ಲಿರುವವನು ಸಹ ಒಕ್ಕೂಟದ ನ್ಯಾಯಾಲಯಕ್ಕೆ ಹೀಗೆ ಮೊರೆಯಿಡಬಹುದೆಂದು 1867ರ ಶಾಸನವು ವಿಧಿಸಿತ್ತು. ಆದರೂ ಒಕ್ಕೂಟದ ಜಿಲ್ಲಾ ನ್ಯಾಯಾಲಯವು ಸಾಕ್ಷ್ಯವನ್ನು ಪರಿಶೀಲಿಸದೆಯೇ ಅರ್ಜಿಯನ್ನು ತಳ್ಳಿಹಾಕಿತು.

ಮೊಕದ್ದಮೆಯು ಒಕ್ಕೂಟದ ಸರ್ವೋಚ್ಚ ನ್ಯಾಯಾಲಯವನ್ನು ತಲುಪಿತು. 1923ರ ಫೆಬ್ರವರಿ 19ರಂದು ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ತೀರ್ಪನ್ನು ನೀಡಿದರು. ಬಂದಿಗಳು ಅಪರಾಧಿಗಳೋ ನಿರಪರಾಧಿಗಳೋ ಎಂಬುದು ಅಲ್ಲಿನ ಪ್ರಶ್ನೆಯಾಗಿರಲಿಲ್ಲ. ಅವರಿಗೆ ನಿಜವಾದ ವಿಚಾರಣೆ ದೊರೆಯಿತೇ ಎಂಬುದೇ ಪ್ರಶ್ನೆಯಾಗಿತ್ತು. ಗುಂಪಿನ ಭೀತಿಗೆ ನ್ಯಾಯಾಧೀಶ, ಪಂಚರು, ವಕೀಲ ಎಲ್ಲರೂ ಮಣಿದಿದ್ದರೆ, ರಾಜ್ಯದ ನ್ಯಾಯಾಲಯಗಳು ಆ ತಪ್ಪನ್ನು ತಿದ್ದದೆ ಹೋಗಿದ್ದರೆ, ಒಕ್ಕೂಟದ ನ್ಯಾಯಾಧೀಶನು ಸತ್ಯಾಂಶವನ್ನು ತಾನೇ ಪರೀಕ್ಷಿಸಲೇಬೇಕೆಂದು ತೀರ್ಪು ಸಾರಿತು.

ಹನ್ನೆರಡು ಮಂದಿಯಲ್ಲಿ ಒಬ್ಬನೂ ಮರಣದಂಡನೆಗೆ ಗುರಿಯಾಗಲಿಲ್ಲ. ಆರು ಮಂದಿ 1923ರಲ್ಲಿ, ಉಳಿದ ಆರು ಮಂದಿ 1925ರಲ್ಲಿ ಬಿಡುಗಡೆ ಹೊಂದಿದರು.

ಇಂದು ಈ ದಾರಿ ಇಕ್ಕಟ್ಟಾಗಿದೆ. ಬಂದಿಯು ಮೊದಲು ರಾಜ್ಯದ ನ್ಯಾಯಾಲಯಗಳಲ್ಲಿಯೇ ಪರಿಹಾರವನ್ನು ಅರಸಬೇಕು. 1996ರ ಶಾಸನದಂತೆ ಸಾಮಾನ್ಯವಾಗಿ ಒಂದು ವರ್ಷದೊಳಗೆ ಒಕ್ಕೂಟದ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕು. ಆದರೂ ಬಾಗಿಲು ಮುಚ್ಚಿಲ್ಲ. ತೀರ್ಪು ಹೊರಬಿದ್ದ ಮಾತ್ರಕ್ಕೆ ನ್ಯಾಯ ದೊರೆತಂತಾಗದು. ಆ ತೀರ್ಪಿಗೆ ಬಂದ ಮಾರ್ಗವೂ ನ್ಯಾಯವಾಗಿರಬೇಕು.