ಮೊದಲ ದೋಣಿಗೆ ಅಂಟು ತಡವಾಗಲಿ

ಮರದ ಮಾದರಿ ದೋಣಿಯ ಕಿಟ್ ಬಿಚ್ಚಿದವರ ಕಣ್ಣಿಗೆ ಮೊದಲು ಬೀಳುವುದು ಲೇಸರ್‌ನಲ್ಲಿ ಕತ್ತರಿಸಿದ ಪ್ಲೈವುಡ್ ತುಂಡುಗಳ ಅಚ್ಚುಕಟ್ಟು. ಅವನ್ನು ನೋಡಿದರೆ ಕಷ್ಟದ ಕೆಲಸವೆಲ್ಲ ಕಾರ್ಖಾನೆಯಲ್ಲೇ ಮುಗಿದಿದೆ, ಇನ್ನು ಅಂಟಿಸುವುದೊಂದೇ ಬಾಕಿ ಅನ್ನಿಸುತ್ತದೆ. ಈ ಹವ್ಯಾಸ ನನಗೆ ಕಲಿಸಿದ್ದು ಅದಕ್ಕೆ ತದ್ವಿರುದ್ಧವಾದದ್ದನ್ನು. ಹೊಸಬರ ದೋಣಿ ನೆಟ್ಟಗೆ ಬರುತ್ತದೋ ಸೊಟ್ಟಗಾಗುತ್ತದೋ ಎಂಬುದು ಅಂಟಿನ ಡಬ್ಬಿ ತೆರೆಯುವ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಹಾಗಾಗಿ ಮೊದಲ ಸಲಕ್ಕೆ ಪಾಯಿಮರ, ಫಿರಂಗಿಗಳಿರುವ ದೊಡ್ಡ ಹಡಗು ಬೇಡ, ಒಳಭಾಗ ಪೂರ್ತಿ ಕಾಣುವ ಸಣ್ಣ ತೆರೆದ ದೋಣಿ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಂಗಳೂರಿನ ಗೊರಗುಂಟೆಪಾಳ್ಯದಿಂದ ಮಂಗಳೂರಿನ ಕಡಲಿಗೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್. ಆದರೂ ಈ ಕೆಲಸದ ಮೂಲವಿದ್ಯೆ ನಮ್ಮ ತುಮಕೂರು ರಸ್ತೆಗೆ ಹೊಸದೇನಲ್ಲ. ಪ್ಲೈವುಡ್ ಸಂಶೋಧನೆ ಮತ್ತು ತರಬೇತಿಗೆಂದೇ ಹುಟ್ಟಿದ ರಾಷ್ಟ್ರೀಯ ಸಂಸ್ಥೆ, ಕರಾರುವಾಕ್ಕಾದ ಯಂತ್ರಗಾರಿಕೆಯ ಸಿಎಂಟಿಐ ಎರಡೂ 1962ರಲ್ಲಿ ಶುರುವಾಗಿ ಈ ರಸ್ತೆಯ ಬದಿಯಲ್ಲೇ ನೆಲೆಯೂರಿದವು. ಕಿಟ್‌ನಲ್ಲಿ ಎರಡು ಬಗೆಯ ಮರ ಏಕಿರುತ್ತದೆ ಎಂಬುದು ಪ್ಲೈವುಡ್‌ನ ಗುಣ ತಿಳಿದರೆ ಅರ್ಥವಾಗುತ್ತದೆ. ಹಸಿಮರ ಪೂರ್ತಿ ಒಣಗುವಾಗ ಉದ್ದಕ್ಕೆ ಶೇಕಡಾ 0.1–0.2ರಷ್ಟು ಮಾತ್ರ ಕುಗ್ಗುತ್ತದೆ. ಅಡ್ಡಕ್ಕೆ ಶೇಕಡಾ 6ರಿಂದ 10ರವರೆಗೂ ಕುಗ್ಗಬಲ್ಲದು. ಪ್ಲೈವುಡ್‌ನಲ್ಲಿ ಒಂದು ಪದರದ ನಾರಿಗೆ ಇನ್ನೊಂದರ ನಾರು ಅಡ್ಡವಾಗಿರುವುದರಿಂದ ಅವು ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಹಾಗಾಗಿ ಅಲುಗಬಾರದ, ದೋಣಿಯ ಬೆನ್ನೆಲುಬಾದ ಕೀಲ್ ಮತ್ತು ಅದರ ಮೇಲೆ ನಿಲ್ಲುವ ಅಡ್ಡ ಫ್ರೇಮುಗಳಿಗೆ ಪ್ಲೈವುಡ್. ಬಾಗಬೇಕಾದ ಹೊರಮೈ ಪಟ್ಟಿಗಳಿಗೆ ಉದ್ದ ನಾರಿನ ಇಡೀ ಮರ. ಮಾರ್ಚ್‌ನ ಒಣಹವೆಯಲ್ಲಿ ಸರಿಯಾಗಿ ಕೂತ ಪಟ್ಟಿ ಜುಲೈನಲ್ಲಿ ಉಬ್ಬುವುದು, ಒದ್ದೆಯಿದ್ದಾಗಲೇ ಅಂಟಿಸಿದ ಪಟ್ಟಿ ಒಣಗಿ ಸಂದು ಬಿಡುವುದು, ಎರಡಕ್ಕೂ ಕಾರಣ ಅಡ್ಡಕ್ಕೆ ಹಿಗ್ಗಿ ಕುಗ್ಗುವ ಈ ಗುಣವೇ. ಪಟ್ಟಿಯನ್ನು ಬಿಸಿನೀರಲ್ಲಿ ಅದ್ದಿ, ಫ್ರೇಮಿನ ಮೇಲೆ ಬಾಗಿಸಿ, ಬಟ್ಟೆ ಕ್ಲಿಪ್ ಹಾಕಿ ರಾತ್ರಿಯಿಡೀ ಒಣಗಲು ಬಿಟ್ಟು, ಮರುದಿನ ಅಂಟಿಸಬೇಕು. ಮರ ಮೆತ್ತಗಾಗುವುದರಲ್ಲಿ ನೀರಿಗಿಂತ ಶಾಖದ ಪಾಲು ದೊಡ್ಡದು. ತಣ್ಣೀರಲ್ಲಿ ಗಂಟೆಗಟ್ಟಲೆ ನೆನೆಸಿಟ್ಟರೆ ಪಟ್ಟಿ ಸುಮ್ಮನೆ ಊದಿಕೊಳ್ಳುತ್ತದೆ.

ನಿಜವಾದ ಕೌಶಲ ಬೇಕಾಗುವುದು ಫ್ರೇಮಿನ ಅಂಚಿನಲ್ಲಿ. ಲೇಸರ್ ನೇರವಾಗಿ ಕೆಳಕ್ಕೆ ಕತ್ತರಿಸುತ್ತದೆ, ಆದರೆ ದೋಣಿಯ ಮೈ ಮೂತಿಯ ಕಡೆಗೆ ಓರೆಯಾಗಿ ಒಳಸರಿಯುತ್ತದೆ. ಅಂಚನ್ನು ಅದೇ ಓರೆಗೆ ಉಜ್ಜದಿದ್ದರೆ ಪಟ್ಟಿ ಫ್ರೇಮಿನ ಒಂದು ಮೂಲೆಗಷ್ಟೇ ತಗಲುತ್ತದೆ, ಅಂಟಿಗೆ ಹಿಡಿತ ಸಿಗುವುದಿಲ್ಲ. ಇಲ್ಲಿ ಲೇಸರ್ ಬಿಟ್ಟುಹೋದ ಸುಟ್ಟ ಕಪ್ಪು ಬಣ್ಣವೇ ನೆರವಿಗೆ ಬರುತ್ತದೆ. ಉಜ್ಜುತ್ತ ಹೋದಂತೆ ಕಪ್ಪು ಕರಗಿ, ಉಳಿಯಬೇಕಾದ ಅಂಚಿನಲ್ಲಿ ದಾರದಷ್ಟು ತೆಳುಗೆರೆಯಾದಾಗ ಕೈ ನಿಲ್ಲಿಸಬೇಕು. ಆಮೇಲೆ ಒಂದು ಪಟ್ಟಿಯನ್ನು ಅಂಟಿಲ್ಲದೆ ಮೂತಿಯಿಂದ ಹಿಂಭಾಗದವರೆಗೆ ಒತ್ತಿಹಿಡಿದು ನೋಡಬೇಕು. ಎಲ್ಲಾದರೂ ಬೆಳಕು ತೂರಿದರೆ, ಎಲ್ಲಾದರೂ ಪಟ್ಟಿ ಮುರಿದಂತೆ ತಿರುಗಿದರೆ, ಆ ಫ್ರೇಮಿನ ಕೆಲಸ ಇನ್ನೂ ಮುಗಿದಿಲ್ಲ. ಲೆಕ್ಕವೂ ಈಗಲೇ ಆಗಬೇಕು. ಮಧ್ಯದ ಫ್ರೇಮಿನ ಒಂದು ಬದಿಯ ಸುತ್ತಳತೆ 90 ಮಿಲಿಮೀಟರ್, ಪಟ್ಟಿಯ ಅಗಲ 5 ಮಿಲಿಮೀಟರ್ ಎಂದುಕೊಳ್ಳೋಣ, 18 ಪಟ್ಟಿ ಬೇಕು. ಮೂತಿಯ ಹತ್ತಿರ ಸುತ್ತಳತೆ 54 ಮಾತ್ರ ಇದ್ದರೆ ಪ್ರತಿ ಪಟ್ಟಿಯೂ ಅಲ್ಲಿ 3 ಮಿಲಿಮೀಟರಿಗೆ ಕಿರಿದಾಗಬೇಕು. ಕಿರಿದು ಮಾಡದೆ ಬಲವಂತವಾಗಿ ಪಕ್ಕಕ್ಕೆ ಬಗ್ಗಿಸಿದರೆ ಪಟ್ಟಿಯ ಒಂದು ಅಂಚು ಮೇಲೇಳುತ್ತದೆ. ಎಡಕ್ಕೊಂದು, ಬಲಕ್ಕೊಂದು ಎಂದು ಜೋಡಿಯಾಗಿ ಅಂಟಿಸಬೇಕು, ಇಲ್ಲವಾದರೆ ಒಂದೇ ಬದಿಯ ಎಳೆತಕ್ಕೆ ಕೀಲ್ ತಿರುಚಿಕೊಳ್ಳುತ್ತದೆ. ಅಂಟಿನ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ: ಬಿಳಿ ಫೆವಿಕಾಲ್ ತಿದ್ದಿಕೊಳ್ಳಲು ಸಮಯ ಕೊಡುತ್ತದೆ, ಫೆವಿಕ್ವಿಕ್ ಕೊಡುವುದಿಲ್ಲ.

ಮೊದಲಿಗೆ ತೆರೆದ ದೋಣಿ ಸಾಕು ಎಂಬ ಮಾತಿಗೆ ಬಲ್ಲವರು ಒಂದು ಆಕ್ಷೇಪ ಎತ್ತುತ್ತಾರೆ. ತೆರೆದ ದೋಣಿಯಲ್ಲಿ ಒಳಗೂ ಹೊರಗೂ ತಪ್ಪು ಕಾಣುತ್ತದೆ. ದೊಡ್ಡ ಹಡಗಿನ ಕಿಟ್‌ನಲ್ಲಿ ಎರಡು ಪದರ ಹೊದಿಕೆ ಇರುವುದರಿಂದ ಮೊದಲ ಪದರದ ತಪ್ಪು ಎರಡನೆಯದರ ಅಡಿಯಲ್ಲಿ ಮುಚ್ಚಿಹೋಗುತ್ತದೆ, ಹೊಸಬರಿಗೆ ಅದೇ ಸಲೀಸು ಎನ್ನುತ್ತಾರೆ. ಸಂದು ಮುಚ್ಚುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಫ್ರೇಮಿನ ಉಬ್ಬು ತಗ್ಗು ಮುಚ್ಚುವುದಿಲ್ಲ. ಅರ್ಧ ಮಿಲಿಮೀಟರ್ ದಪ್ಪದ ಎರಡನೇ ಪದರ ಅದನ್ನು ಇದ್ದಹಾಗೇ ತೋರಿಸುತ್ತದೆ. ಜೊತೆಗೆ ಹೊದಿಕೆ ಮುಗಿದ ಮೇಲೂ ಹಗ್ಗ, ಹಾಯಿ, ರಾಟೆಗಳ ತಿಂಗಳುಗಟ್ಟಲೆ ಕೆಲಸ ಉಳಿದಿರುತ್ತದೆ. ಅರ್ಧಕ್ಕೆ ನಿಂತ ಹಡಗು ಅಟ್ಟ ಸೇರುತ್ತದೆ. ಅಮೆರಿಕದ ಮಾಡೆಲ್ ಶಿಪ್‌ವೇಸ್ ಕಂಪನಿ ಹೊಸಬರಿಗೆಂದು ಮಾಡಿರುವ ಮೂರು ಕಿಟ್‌ಗಳ ಸರಣಿ ಶುರುವಾಗುವುದೇ ಮೀನುಗಾರರ ತೆರೆದ ದೋಣಿ ಗ್ರ್ಯಾಂಡ್ ಬ್ಯಾಂಕ್ಸ್ ಡೋರಿಯಿಂದ. ಅದರ ಅಳತೆ 1:24. ಅಲ್ಲಿ ಹಲಗೆಗಳು ಕಡಿಮೆ, ಆದರೆ ಪ್ರತಿಯೊಂದೂ ಸರಿಯಾಗಿ ಕೂರಲೇಬೇಕು.

ಕಿಟ್ ಜೋಡಿಸುವುದು ಕಸುಬೇ ಅಲ್ಲ, ಸ್ವಂತ ನಕ್ಷೆಯಿಂದ ಕಟ್ಟಬೇಕು ಎನ್ನುವವರೂ ಇದ್ದಾರೆ. ಆಕಾರ ನಿರ್ಧರಿಸುವುದು ಎಷ್ಟು ದೊಡ್ಡ ಕೆಲಸ ಎಂಬುದಕ್ಕೆ 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಐಎನ್‌ಎಸ್‌ವಿ ಕೌಂಡಿನ್ಯ ಸಾಕ್ಷಿ. ಅಜಂತಾದ ಐದನೇ ಶತಮಾನದ ಚಿತ್ರವೊಂದನ್ನು ಆಧರಿಸಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು ಅದು. ಹಳೆಯ ನಕ್ಷೆ ಇಲ್ಲದಿದ್ದರಿಂದ ಐಐಟಿ ಮದ್ರಾಸ್‌ನಲ್ಲಿ ಮಾದರಿ ಇಟ್ಟು ನೀರಿನಲ್ಲಿ ಅದರ ನಡೆಯನ್ನು ಪರೀಕ್ಷಿಸಬೇಕಾಯಿತು. ನುರಿತವರೇ ಇಷ್ಟು ಎಚ್ಚರ ವಹಿಸುವಾಗ, ಆಕಾರ ನಿರ್ಧರಿಸುವುದನ್ನೂ ಕೈಕೆಲಸವನ್ನೂ ಒಟ್ಟಿಗೇ ಕಲಿಯಿರಿ ಎಂದು ಹೊಸಬರಿಗೆ ಹೇಳುವುದು ನ್ಯಾಯವಲ್ಲ. ಕಿಟ್ ಮೊದಲನೆಯ ಹೊರೆಯನ್ನು ಇಳಿಸಿ ಎರಡನೆಯದಕ್ಕೆ ಬಿಡುವು ಕೊಡುತ್ತದೆ.

ನನಗಿರುವ ಕೊರಗು ಬೇರೆ. ಅಂಗಡಿಯಲ್ಲಿ ಸಿಗುವ ಕಿಟ್‌ಗಳು ಇಟಲಿ, ಸ್ಪೇನ್, ಅಮೆರಿಕದವು; ಒಮ್ಮೆ ರಂಪಣಿ ಬಲೆ ಹೊತ್ತು ಮಲ್ಪೆಯ ಕಡಲಿಗಿಳಿಯುತ್ತಿದ್ದ ಹಲಗೆ ದೋಣಿಯ ಕಿಟ್ ನನ್ನ ಕಣ್ಣಿಗೆ ಬಿದ್ದಿಲ್ಲ. ಕತ್ತರಿಸುವ ಲೇಸರ್ ಇಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿದೆ, ಪಟ್ಟಿಗೆ ಬೇಕಾದ ಮರ ನಮ್ಮಲ್ಲೇ ಇದೆ. ಎನ್‌ಸಿಸಿ ನೌಕಾ ವಿಭಾಗದ ಅಖಿಲ ಭಾರತ ನೌ ಸೈನಿಕ ಶಿಬಿರದಲ್ಲಿ ಶಿಪ್ ಮಾಡೆಲಿಂಗ್ ಸ್ಪರ್ಧೆಯೂ ನಡೆಯುವುದರಿಂದ ಕಟ್ಟುವ ಮಕ್ಕಳೂ ಇದ್ದಾರೆ. ಪೀಣ್ಯದ ಯಾವುದಾದರೂ ವರ್ಕ್‌ಶಾಪಿನವರು ಕರಾವಳಿಯ ಹಳೆಯ ದೋಣಿಯೊಂದನ್ನು ಅಳೆದು ತಂದು, ಕನ್ನಡದಲ್ಲಿ ಸೂಚನೆ ಬರೆದ ಒಂದು ಸಣ್ಣ ಕಿಟ್ ಮಾಡಲಿ ಎಂದು ಕೇಳಿಕೊಳ್ಳುತ್ತೇನೆ.