ಪಾಠ: ನಮ್ಮ ಕೈಯ ತಕ್ಕಡಿ



ತೊಗರಿ ರಾಶಿ ಆಯಿತು. ಸ್ವಲ್ಪ ಕಾಳು ಸಂತೆಗೆ ಒಯ್ದೆವು. ನಮ್ಮ ಸೀಮೆಯ ತೊಗರಿಗೆ ದೊಡ್ಡ ಹೆಸರು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿ.ಐ. ಗುರುತು ಸಿಕ್ಕಿತು. ಇದು ಈ ಮಣ್ಣಿನ ಬೆಳೆ ಎಂಬ ಗುರುತು ಅದು.

ಬಿತ್ತಿದವರು ನಾವು. ಕಳೆ ತೆಗೆದವರು ನಾವು. ತೂಗುವಾಗ ಮಾತ್ರ ದೂರ ನಿಲ್ಲುತ್ತೇವೆ. "ತೂಕದ ಲೆಕ್ಕ ನಮಗೇನು ತಿಳೀತದ?" ಅಂತೀವಿ. ಯಾಕೆ ತಿಳಿಯೋದಿಲ್ಲ? ತಕ್ಕಡಿ ಒಂದು ವಿಜ್ಞಾನದ ಸಾಧನ. ಬರ್ರಿ, ನಾವೇ ಒಂದು ಮಾಡೋಣ.

ಏನು ಬೇಕು?
22 ಅಂಗುಲದ ನೇರ ಕೋಲು. ಒಂದೇ ಅಳತೆಯ ಎರಡು ಡಬ್ಬಿ ಮುಚ್ಚಳ. ದಾರ. ಒಂದೇ ತೂಕದ ಎರಡು ಹೊಸ ಸಾಬೂನು.

ಹೇಗೆ ಮಾಡಬೇಕು?
1. ಕೋಲಿನ ನಡುವೆ, 11 ಅಂಗುಲಕ್ಕೆ, ದಾರ ಕಟ್ಟಿ ತೂಗಿಬಿಡಿ.
2. ಎರಡೂ ತುದಿಗೆ ಮುಚ್ಚಳ ಕಟ್ಟಿ. ಇವೇ ತಟ್ಟೆಗಳು.
3. ಕೋಲು ಒಂದು ಕಡೆ ವಾಲಿದರೆ, ಮೇಲೆದ್ದ ತಟ್ಟೆಗೆ ಸ್ವಲ್ಪ ಹಸಿ ಮಣ್ಣು ಹಚ್ಚಿ. ಕೋಲು ಸಮ ನಿಲ್ಲಲಿ.
4. ಎರಡೂ ತಟ್ಟೆಯಲ್ಲಿ ಸಾಬೂನು ಇಡಿ. ಕೋಲು ಸಮ ನಿಂತಿತಲ್ಲ? ಇದು ಸರಿಯಾದ ತಕ್ಕಡಿ.

ಈಗ ಮೋಸ ನೋಡೋಣ
ಸಾಬೂನು ತೆಗೆಯಿರಿ. ಒಂದು ತಟ್ಟೆಯನ್ನು 1 ಅಂಗುಲ ಒಳಗೆ ಸರಿಸಿ ಕಟ್ಟಿ. ಅದು ಮೇಲೇಳುತ್ತದೆ. ಅದಕ್ಕೆ ಮಣ್ಣು ಹಚ್ಚಿ ಮತ್ತೆ ಸಮ ಮಾಡಿ. ನೋಡಿದರೆ ಎಲ್ಲ ಸರಿ ಅನಿಸ್ತದ. ಈಗ ಸಾಬೂನು ಇಡಿ. ಉದ್ದ ಕಡೆಯ ತಟ್ಟೆ ಕೆಳಗೆ ಹೋಗ್ತದ!

ಯಾಕೆ ಹೀಗೆ? ನಡುವಿನಿಂದ ದೂರ ಇದ್ದಷ್ಟೂ ಭಾರದ ಬಲ ಹೆಚ್ಚು. ಹಾರೆಯ ತುದಿ ಹಿಡಿದು ಒತ್ತಿದರೆ ದೊಡ್ಡ ಕಲ್ಲೂ ಏಳುತ್ತದಲ್ಲ, ಹಾಗೆಯೇ. ಮಕ್ಕಳ ಪುಸ್ತಕದಲ್ಲಿ ಇದಕ್ಕೆ 'ಸನ್ನೆ' ಅಂತಾರ.

ಇಂಥ ತಕ್ಕಡಿಯ ಉದ್ದ ಕಡೆ 10 ಕಿಲೋ ಕಲ್ಲು ಇಟ್ಟರು ಅನ್ನಿ. ಗಿಡ್ಡ ಕಡೆ ನಮ್ಮ ತೊಗರಿ. ಸಮ ಆಗಲು 11 ಕಿಲೋ ಹಾಕಬೇಕು. ದುಡ್ಡು ಬರುವುದು 10 ಕಿಲೋಗೆ. ಒಂದು ಕಿಲೋ ಪುಕ್ಕಟೆ ಹೋಯಿತು.

ಸಂತೆಯಲ್ಲಿ ಏನು ಮಾಡಬೇಕು?
• ಖಾಲಿ ತಕ್ಕಡಿ ಸಮ ಇದೆಯೇ ನೋಡಿ.
• ಕಲ್ಲು ಇದ್ದ ಕಡೆ ಮಾಲು, ಮಾಲು ಇದ್ದ ಕಡೆ ಕಲ್ಲು ಇಡಲು ಹೇಳಿ. ಆಗಲೂ ಸಮ ನಿಲ್ಲಬೇಕು.
• ತೂಕದ ಕಲ್ಲಿನ ಮೇಲೆ ಸರಕಾರದ ಮುದ್ರೆ ಇರಬೇಕು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಹಾಗೆ ಹೇಳುತ್ತದೆ.
• ಎಲೆಕ್ಟ್ರಾನಿಕ್ ಕಾಂಟಾ ಇದ್ದರೆ ಮೊದಲು 0 ತೋರಿಸಬೇಕು. 1 ಲೀಟರ್ ನೀರಿನ ತೂಕ ಸುಮಾರು 1 ಕಿಲೋ. ಖಾಲಿ ಕೊಡ ತೂಗಿ, 10 ಲೀಟರ್ ನೀರು ಹಾಕಿ ತೂಗಿ. 10 ಕಿಲೋ ಹೆಚ್ಚಾಗಬೇಕು.

ಈ ತಕ್ಕಡಿಯನ್ನು ಮಕ್ಕಳ ಶಾಲೆಗೂ ಕೊಡಿ. ಸಾಮಾನು ಇಲ್ಲ ಅಂತ ವಿಜ್ಞಾನದ ಪಾಠ ನಿಲ್ಲಬಾರದು. ಕಲಬುರಗಿಯಲ್ಲಿ 1984ರಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ ಶುರುವಾಯಿತು. ಅಲ್ಲಿಯೂ ಮಕ್ಕಳು ಸಾಧನಗಳನ್ನು ಮುಟ್ಟಿ, ಆಡಿಸಿ ಕಲಿಯುತ್ತಾರೆ. ಹೆಣ್ಣುಮಕ್ಕಳನ್ನೂ ಕರೆದೊಯ್ಯಿರಿ.

ಓದಿ, ಬರೆಯಿರಿ
ತಕ್ಕಡಿ – ತಟ್ಟೆ – ತೂಕ – ಸನ್ನೆ – ಮುದ್ರೆ

ಉತ್ತರ ಹೇಳಿ
1. ಖಾಲಿ ತಕ್ಕಡಿ ಸಮ ನಿಂತರೆ ಸಾಕೇ? ಯಾಕೆ?
2. ತಟ್ಟೆ ಬದಲಿಸಿ ತೂಗಿದರೆ ಏನು ತಿಳಿಯುತ್ತದೆ?