ಹಾದಿ ಬಿಟ್ಟಿ, ಹಾಸಿಗೆ ದುಬಾರಿ

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಒಂದು ವಾರ ನಡೆದು, ಸೈಕಲ್ ತುಳಿದು ಬಂದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ: ಎಷ್ಟಾಯಿತು? ಕೇಳಲೇಬೇಕಾದ ಪ್ರಶ್ನೆ. ವಿಮಾನ ಮತ್ತು ವೀಸಾ ಬಿಟ್ಟು ನಮ್ಮಿಬ್ಬರಿಗೆ ಸಾವಿರ ಪೌಂಡಿನ ಆಸುಪಾಸು ಆಯಿತು. ಪೌಂಡಿಗೆ 115 ರೂಪಾಯಿ ಹಿಡಿದರೆ ಒಂದು ಲಕ್ಷದ ಹದಿನೈದು ಸಾವಿರ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಹೋದದ್ದು ರಾತ್ರಿ ಮಲಗುವುದಕ್ಕೆ. ಹಗಲೆಲ್ಲ ಕಂಡ ಸರೋವರ, ಗುಡ್ಡ, ಕಾಡು, ತೊರೆಗಳಿಗೆ ಒಂದು ಪೆನ್ನಿಯೂ ಕೊಡಲಿಲ್ಲ. ಆ ನಾಡಿನ ಲೆಕ್ಕಾಚಾರವೇ ಹಾಗೆ. ಅದನ್ನು ಮೊದಲೇ ತಿಳಿದುಕೊಂಡು ಹೊರಟರೆ ನಮ್ಮಂಥ ಮಧ್ಯಮ ವರ್ಗದವರಿಗೂ ಈ ರಜೆ ಕೈಗೆಟುಕುತ್ತದೆ.

ಹಾಸಿಗೆ ಯಾಕೆ ದುಬಾರಿ? 1951ರಿಂದ ಲೇಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನ, 2017ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಹೊಸ ಕಟ್ಟಡಕ್ಕೆ ಸುಲಭದಲ್ಲಿ ಅನುಮತಿ ಸಿಗುವುದಿಲ್ಲ. ಇರುವ ಮನೆಗಳಲ್ಲಿ ಎಷ್ಟೋ ಹೊರಗಿನವರ ರಜಾಮನೆಗಳಾಗಿವೆ. ಬರುವ ಜನ ಮಾತ್ರ ಕಡಿಮೆಯಾಗುವುದಿಲ್ಲ. ಶನಿವಾರ ರಾತ್ರಿಯ ಹೋಟೆಲ್ ದರ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ನಾವು ಆರಿಸಿಕೊಂಡದ್ದು ವೈಎಚ್‌ಎ, ಅಂದರೆ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್‌ನ ಹಾಸ್ಟೆಲ್‌ಗಳನ್ನು. ಕಡಿಮೆ ಸಂಪಾದನೆಯ ಜನರೂ ಹಳ್ಳಿಗಾಡಿಗೆ ಬಂದು ತಂಗುವಂತಾಗಲಿ ಎಂದು 1930ರಲ್ಲಿ ಹುಟ್ಟಿದ ಸಂಸ್ಥೆ ಅದು. ಹೆಸರಿನಲ್ಲಿ ಯೂತ್ ಇದ್ದರೂ ವಯಸ್ಸಿನ ಕಟ್ಟುಪಾಡಿಲ್ಲ. ಊಟದ ಮನೆಯಲ್ಲಿ ನಮಗಿಂತ ಹಿರಿಯರೇ ಹೆಚ್ಚು ಕಂಡರು. ಇಬ್ಬರಿಗೆ ಒಂದರ ಮೇಲೊಂದು ಮಂಚವಿರುವ ಪ್ರತ್ಯೇಕ ಕೋಣೆಗೆ ರಾತ್ರಿಗೆ ಅರವತ್ತು ಪೌಂಡಿನ ಮೇಲೆ ಕೆಳಗೆ ಕೊಟ್ಟೆವು. ವಾರದ ಮೊದಲರ್ಧ ವಿಂಡರ್‌ಮಿಯರ್ ಸರೋವರದ ದಡದ ಮೇಲೇ ಇರುವ ಆಂಬಲ್‌ಸೈಡ್ ಹಾಸ್ಟೆಲ್, ಉಳಿದರ್ಧ ಗ್ರೀಟಾ ಹೊಳೆಯ ಪಕ್ಕದ ಕೆಸಿಕ್ ಹಾಸ್ಟೆಲ್.

ಇಂಥ ಕಡೆ ಕೋಣೆಗಿಂತ ಹೆಚ್ಚು ಬೆಲೆ ಬಾಳುವುದು ಬಟ್ಟೆ ಒಣಗಿಸುವ ಕೋಣೆ. ಬಾಗಿಲು ತೆಗೆದರೆ ಮುಖಕ್ಕೆ ಬಿಸಿಗಾಳಿ, ಒದ್ದೆ ಉಣ್ಣೆಯ ವಾಸನೆ. ಕೊಕ್ಕೆಗಳಲ್ಲಿ ನೀರು ತೊಟ್ಟಿಕ್ಕುವ ಜಾಕೆಟ್‌ಗಳು, ಕೆಳಗಿನ ಹಲಗೆಯ ಮೇಲೆ ನಾಲಿಗೆ ಹೊರಗೆಳೆದು ಸಾಲಾಗಿ ಇಟ್ಟ ಬೂಟುಗಳು. ಸಂಜೆ ಇಟ್ಟದ್ದು ಬೆಳಗ್ಗೆ ಬೆಚ್ಚಗೆ ಕೈಗೆ ಸಿಗುತ್ತದೆ. ಬೊರೊಡೇಲ್ ಕಣಿವೆಯ ಸೀತ್‌ವೇಟ್‌ನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ; ಇಂಗ್ಲೆಂಡಿನಲ್ಲಿ ಜನವಸತಿ ಇರುವ ಜಾಗಗಳಲ್ಲಿ ಅದೇ ಎಲ್ಲಕ್ಕಿಂತ ಹೆಚ್ಚು ಮಳೆ ಬೀಳುವ ಊರು. ಆಗುಂಬೆಯ ಮಳೆ ಅದರ ಎರಡು ಪಟ್ಟಿಗೂ ಮೀರಿದ್ದು. ಆದ್ದರಿಂದ ಮಲೆನಾಡಿನಲ್ಲಿ ಬೆಳೆದ ನನಗೆ ಮಳೆ ಹೊಸದಲ್ಲ, ಮಳೆಯೊಳಗಿನ ಚಳಿ ಹೊಸದು. ಒಣ ಬಟ್ಟೆಯ ಭರವಸೆ ಇಲ್ಲದಿದ್ದರೆ ಮೂರನೇ ದಿನಕ್ಕೇ ಕೋಣೆಯೊಳಗೆ ಕೂತು ಬಾಡಿಗೆಯನ್ನು ದಂಡ ಮಾಡಬೇಕಾಗುತ್ತದೆ.

ಇನ್ನು ಬಿಟ್ಟಿ ಹಾದಿಯ ಮಾತು. ಉದ್ಯಾನಕ್ಕೆ ಗೇಟಿಲ್ಲ, ಟಿಕೆಟ್ಟಿಲ್ಲ, ವಿದೇಶಿಯರಿಗೆ ಬೇರೆ ದರವೂ ಇಲ್ಲ. ಕಾಲುದಾರಿ ರೈತನ ಹೊಲದ ನಡುವೆ, ಕೆಲವೊಮ್ಮೆ ಅವನ ಮನೆಯಂಗಳದಲ್ಲೇ ಹಾದುಹೋಗುತ್ತದೆ. ಆದರೂ ಅಲ್ಲಿ ನಡೆಯುವುದು ಕಾನೂನು ಕೊಟ್ಟ ಹಕ್ಕು. 1949ರ ಕಾಯ್ದೆ ಇಂಥ ದಾರಿಗಳನ್ನೆಲ್ಲ ಗುರುತಿಸಿ ನಕ್ಷೆಗೆ ಏರಿಸುವಂತೆ ಮಾಡಿತು. 2000ದ ಇನ್ನೊಂದು ಕಾಯ್ದೆ ಬೆಟ್ಟ, ಬಯಲುಗಳಲ್ಲಿ ದಾರಿ ಬಿಟ್ಟು ಓಡಾಡುವ ಸ್ವಾತಂತ್ರ್ಯವನ್ನೂ ಕೊಟ್ಟಿತು. ಅಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ ಕಿತ್ತಳೆ ರಕ್ಷಾಪುಟದ ಓಎಲ್4 ನಕ್ಷೆ ಕೊಂಡೆವು. ಅದರಲ್ಲಿ ಹಸಿರು ತುಂಡುಗೆರೆ ಇದ್ದಲ್ಲೆಲ್ಲ ನಡೆಯಬಹುದು. ಫೋನಿನ ನಕ್ಷೆ ಸಾಲದೇ ಎಂದು ನಮ್ಮವರು ಕೇಳಿದರು. ಕಣಿವೆಗಳಲ್ಲಿ ಸಿಗ್ನಲ್ ಹೋಗುತ್ತದೆ, ಮಳೆಗೆ ಫೋನು ಬೆರಳಿನ ಮಾತು ಕೇಳುವುದಿಲ್ಲ. ಆ ವಾರ ಕೊಟ್ಟ ಹಣದಲ್ಲಿ ಅತಿ ಹೆಚ್ಚು ದುಡಿದದ್ದು ಆ ಕಾಗದವೇ.

ಎಲ್ಲಕ್ಕಿಂತ ಇಷ್ಟವಾದ ನಡಿಗೆ ಡರ್ವೆಂಟ್‌ವಾಟರ್ ಸರೋವರದ ಪಡುವಣ ದಡದ್ದು. ಕೆಸಿಕ್‌ನಿಂದ ಲಾಂಚ್ ಹತ್ತಿ ಹಾಸ್ ಎಂಡ್‌ನಲ್ಲಿ ಇಳಿದು, ಬ್ರಾಂಡಲ್‌ಹೌ ಕಾಡಿನೊಳಗೆ ನೀರಿನಂಚಿಗೇ ಸಾಗಿ ಲೊಡೋರ್ ಸೇರಿದರೆ, ವಾಪಸಾಗಲು 78ನೇ ನಂಬರಿನ ಬಸ್ಸು. ಈ ಬ್ರಾಂಡಲ್‌ಹೌ ಕಥೆಯನ್ನು ಹಣಕಾಸು ಅಂಕಣದಲ್ಲಿ ಹೇಳದೆ ಇರಲಾರೆ. 1902ರಲ್ಲಿ ಈ ಜಾಗ ಮಾರಾಟಕ್ಕೆ ಬಂತು. ಯಾರಾದರೂ ಶ್ರೀಮಂತರು ಕೊಂಡು ಬೇಲಿ ಹಾಕಿದರೆ ದಡ ಜನರ ಪಾಲಿಗೆ ಮುಚ್ಚಿಹೋಗುತ್ತಿತ್ತು. ಇಂಥ ಜಾಗಗಳನ್ನು ಜನರಿಗಾಗಿ ಕಾಪಾಡುವ, ಆಗಿನ್ನೂ ಏಳು ವರ್ಷದ ಕೂಸಾಗಿದ್ದ ದತ್ತಿ ಸಂಸ್ಥೆ ನ್ಯಾಷನಲ್ ಟ್ರಸ್ಟ್ ಜನರ ಮುಂದೆ ಕೈಚಾಚಿತು. ಕಾರ್ಖಾನೆ ಕೆಲಸಗಾರರೂ ಸೇರಿ ಸಾಮಾನ್ಯರು ಕೊಟ್ಟ ಚಂದಾದಿಂದ 6,500 ಪೌಂಡ್ ಕೂಡಿತು, ದಡ ಉಳಿಯಿತು. ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಟ್ರಸ್ಟ್ ಕೊಂಡ ಮೊದಲ ಜಮೀನು ಅದು. ಮುಂದೆ ಮಕ್ಕಳ ಪುಸ್ತಕಗಳ ಲೇಖಕಿ ಬಿಯಾಟ್ರಿಕ್ಸ್ ಪಾಟರ್ 1943ರಲ್ಲಿ ತೀರಿಕೊಂಡಾಗ ನಾಲ್ಕು ಸಾವಿರ ಎಕರೆಯನ್ನು ಇದೇ ಟ್ರಸ್ಟ್‌ಗೆ ಬಿಟ್ಟುಹೋದರು. ನಾವು ಬಿಟ್ಟಿಯಾಗಿ ನಡೆದ ಹಾದಿಯ ಬಾಬ್ತು ಹಿಂದೆ ಯಾರೋ ಕಟ್ಟಿದ್ದಾರೆ ಎಂಬುದು ಗೊತ್ತಿರಬೇಕು.

ಸೈಕಲ್ಲಿನ ಲೆಕ್ಕ ಸ್ವಲ್ಪ ಬೇರೆ. ಕಾಲುದಾರಿಯಲ್ಲಿ ಸೈಕಲ್ ತುಳಿಯುವ ಹಕ್ಕಿಲ್ಲ. ಕುದುರೆ ಸವಾರರಿಗೂ ಬಿಟ್ಟಿರುವ ಬ್ರೈಡಲ್‌ವೇಗಳಲ್ಲಿ ಉಂಟು. ಕಂಬದ ಮೇಲೆ ಹಳದಿ ಬಾಣವಿದ್ದರೆ ನಡಿಗೆ, ನೀಲಿ ಬಾಣವಿದ್ದರೆ ಸೈಕಲ್ಲೂ ಸರಿ. ಇದು ಗೊತ್ತಿಲ್ಲದೆ ವಾರವಿಡೀ ಸೈಕಲ್ ಬಾಡಿಗೆ ಹಿಡಿದರೆ ಅರ್ಧದಷ್ಟು ದಿನ ಅದು ಹಾಸ್ಟೆಲ್‌ನ ಶೆಡ್ಡಿನಲ್ಲೇ ನಿಂತಿರುತ್ತದೆ. ಬೇಕಾದ ದಿನಕ್ಕೆ ಬೇಕಾದ ಸೈಕಲ್ ಎನ್ನುವುದು ನಮ್ಮ ತೀರ್ಮಾನವಾಗಿತ್ತು. ಕೆಸಿಕ್‌ನಿಂದ ಥ್ರೆಲ್‌ಕೆಲ್ಡ್‌ಗೆ ಹಳೆಯ ರೈಲು ಹಾದಿಯುಂಟು, ಸುಮಾರು ಐದು ಕಿಲೋಮೀಟರ್. 1972ರಲ್ಲಿ ರೈಲು ನಿಂತಿತು. 2015ರ ಡಿಸೆಂಬರ್‌ನಲ್ಲಿ ಡೆಸ್ಮಂಡ್ ಚಂಡಮಾರುತದ ನೆರೆಗೆ ಹಾದಿಯ ಸೇತುವೆಗಳು ಕೊಚ್ಚಿಹೋದವು. ಮತ್ತೆ ಕಟ್ಟಿ 2020ರ ಡಿಸೆಂಬರ್‌ನಲ್ಲಿ ತೆರೆದರು. ರೈಲು ಓಡಿದ ಹಾದಿಯಾದ್ದರಿಂದ ಏರು ಗೊತ್ತೇ ಆಗುವುದಿಲ್ಲ. ಗ್ರೀಟಾ ಹೊಳೆಯನ್ನು ಮತ್ತೆ ಮತ್ತೆ ದಾಟುತ್ತ ಸಾಗಲು ಸಾಮಾನ್ಯ ಸೈಕಲ್ಲನ್ನು ಅರ್ಧ ದಿನಕ್ಕೆ ಹಿಡಿದರೆ ಸಾಕು. ಬಟರ್‌ಮಿಯರ್ ಕಡೆಗೆ ಕಣಿವೆ ದಾಟಬೇಕೆಂದರೆ ಮಾತು ಬೇರೆ. ಹಾನಿಸ್ಟರ್ ಕಣಿವೆಮಾರ್ಗದ ಏರು ಕೆಲವು ಕಡೆ ಶೇ 25; ನಾಲ್ಕಡಿ ಮುಂದೆ ಹೋದರೆ ಒಂದಡಿ ಮೇಲೆ. ಅಂಥ ದಿನಕ್ಕೆ ಇ-ಬೈಕಿನ ದುಬಾರಿ ಬಾಡಿಗೆ ಕೊಡಿ, ಕೊರಗಬೇಡಿ. ಮಂಡಿನೋವಿರುವ ನಮ್ಮವರು ಆ ಗುಡ್ಡ ದಾಟಿದ್ದು ಅದರ ದಯದಿಂದ. ಸಹಿ ಹಾಕುವ ಮೊದಲು ಹೆಲ್ಮೆಟ್, ಬೀಗ ಬಾಡಿಗೆಯಲ್ಲೇ ಸೇರಿವೆಯೇ, ಕಳವಾದರೆ ಯಾರ ಹೊಣೆ ಎಂದು ಕೇಳಿಕೊಳ್ಳಿ.

ಕಾರು ಬೇಡವೇ ಬೇಡ. ಇಂಗ್ಲೆಂಡಿನಲ್ಲಿ 2023ರಿಂದ ಬಸ್ಸಿನ ಒಂದು ಪಯಣಕ್ಕೆ ದರದ ಮಿತಿಯಿದೆ. ಮೊದಲು 2 ಪೌಂಡ್ ಇತ್ತು, 2025ರ ಜನವರಿಯಿಂದ 3 ಪೌಂಡ್. 2027ರ ಮಾರ್ಚ್‌ವರೆಗೆ ಇದೇ ಎಂದು ಸರ್ಕಾರ ಹೇಳಿದೆ. 555ನೇ ನಂಬರಿನ ಬಸ್ಸು ವಿಂಡರ್‌ಮಿಯರ್‌ನಿಂದ ಆಂಬಲ್‌ಸೈಡ್, ಗ್ರಾಸ್‌ಮಿಯರ್ ಹಾದು ಕೆಸಿಕ್ ತಲುಪುತ್ತದೆ. ಸರೋವರಗಳ ಸಾಲನ್ನೇ ತೋರಿಸುವ ಆ ಪಯಣಕ್ಕೂ ತಲಾ ಮೂರೇ ಪೌಂಡ್. ಲಂಡನ್ನಿನಿಂದ ರೈಲಿನಲ್ಲಿ ಬರುವವರು ಆಕ್ಸನ್‌ಹೋಮ್‌ನಲ್ಲಿ ಇಳಿದು ವಿಂಡರ್‌ಮಿಯರ್ ಗಾಡಿ ಹಿಡಿಯಬೇಕು. ಇಬ್ಬರು ಕೂಡಿ ಹೋಗುವುದಾದರೆ 35 ಪೌಂಡಿನ ಟೂ ಟುಗೆದರ್ ರೈಲ್‌ಕಾರ್ಡ್ ಕೊಳ್ಳಿ, ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಇಳಿಯುತ್ತದೆ. ವಾರದ ದಿನಗಳಲ್ಲಿ ಬೆಳಗ್ಗೆ ಒಂಬತ್ತೂವರೆಗೆ ಮೊದಲು ನಡೆಯುವುದಿಲ್ಲ, ಅಷ್ಟೇ.

ಊಟಕ್ಕೆ ಹಾಸ್ಟೆಲ್‌ನ ಅಡುಗೆಮನೆಯಿದೆ. ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿಗೆ ಹುರಿದ ರವೆ ಊರಿನಿಂದಲೇ ಹೋಗಿತ್ತು. ತುಪ್ಪ, ಪೇಡಾ ಒಯ್ಯುವಂತಿಲ್ಲ. ಭಾರತದಿಂದ ಹಾಲಿನ ಪದಾರ್ಥ ಅಲ್ಲಿಗೆ ನಿಷಿದ್ಧ. ತರಕಾರಿ, ಮೊಸರು, ಬ್ರೆಡ್ಡಿಗೆ ಕೆಸಿಕ್‌ನ ಬೂತ್ಸ್ ಅಂಗಡಿ. ಒಂದು ಸಂಜೆ ಪಬ್ಬಿನಲ್ಲಿ ಬಿಸಿಬಿಸಿ ಊಟ ಮಾಡಿದೆವು. ಅದಕ್ಕೆ ಕೊಟ್ಟ ಹಣದಲ್ಲಿ ಎರಡು ದಿನದ ಅಡುಗೆ ಆಗುತ್ತಿತ್ತು, ಆದರೂ ಅದನ್ನು ತಪ್ಪಿಸಿಕೊಳ್ಳಬೇಡಿ ಎಂದೇ ಹೇಳುತ್ತೇನೆ.

ಊರಿನಲ್ಲೇ ಮಾಡಬೇಕಾದ ಲೆಕ್ಕಗಳೂ ಇವೆ. ಆರು ತಿಂಗಳ ಪ್ರವಾಸಿ ವೀಸಾ ಶುಲ್ಕ 2025ರ ಏಪ್ರಿಲ್‌ನಲ್ಲಿ ತಲಾ 127 ಪೌಂಡ್ ಆಯಿತು. ಅರ್ಜಿ ಹಾಕುವ ಮುನ್ನ ಅಂದಿನ ದರ ನೋಡಿಕೊಳ್ಳಿ. ಅರ್ಜಿಗೆ ಮುಂಚೆ ಖಾತೆಗೆ ಏಕಾಏಕಿ ದೊಡ್ಡ ಮೊತ್ತ ತುಂಬಬೇಡಿ, ತಿಂಗಳುಗಳಿಂದ ಇರುವ ಹಣಕ್ಕೇ ಬೆಲೆ. ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡರೆ ಮೊದಲ ರೂಪಾಯಿಯಿಂದಲೇ ಟಿಸಿಎಸ್ ಎಂಬ ಮುಂಗಡ ತೆರಿಗೆಯ ಕಡಿತವಿದೆ. ನಾವೇ ಏರ್ಪಾಡು ಮಾಡಿಕೊಂಡು ಫಾರೆಕ್ಸ್ ಕಾರ್ಡಿಗೆ ಹಣ ತುಂಬಿಸಿದರೆ, 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷದವರೆಗೆ ಅದಿಲ್ಲ. ಕಡಿತವಾದ ಹಣ ರಿಟರ್ನ್ಸ್ ಸಲ್ಲಿಸಿದಾಗ ಹೊಂದಾಣಿಕೆಯಾಗುತ್ತದೆ ನಿಜ, ಅಲ್ಲಿಯವರೆಗೆ ಕೈಯಲ್ಲಿರುವುದಿಲ್ಲ. ಅಂಗಡಿಯ ಯಂತ್ರ ರೂಪಾಯಿಯಲ್ಲೋ ಪೌಂಡಿನಲ್ಲೋ ಎಂದು ಕೇಳಿದರೆ ಪೌಂಡನ್ನೇ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರವನ್ನು ಅವರೇ ನಿಗದಿ ಮಾಡುತ್ತಾರೆ, ಅದು ಯಾವತ್ತೂ ನಮ್ಮ ಪರ ಇರುವುದಿಲ್ಲ.

ಉಳಿತಾಯ ಮಾಡಲೇಬಾರದ ಜಾಗಗಳು ಎರಡು: ಪ್ರವಾಸ ವಿಮೆ ಮತ್ತು ಮಳೆಯ ಅಂಗಿ. ಬೆಟ್ಟದಲ್ಲಿ ಕಾಲು ಉಳುಕಿದವರನ್ನು ಹೊತ್ತು ತರುವ ಮೌಂಟನ್ ರೆಸ್ಕ್ಯೂ ತಂಡಗಳಲ್ಲಿರುವುದು ಸಂಬಳವಿಲ್ಲದ ಸ್ವಯಂಸೇವಕರು. ದೇಣಿಗೆಯಿಂದಲೇ ನಡೆಯುವ ಅವರು ಕಾಪಾಡಿದವರಿಂದ ಹಣ ಕೇಳುವುದಿಲ್ಲ. ಆಸ್ಪತ್ರೆ ಸೇರಿದ ಮೇಲಿನ ಚಿಕಿತ್ಸೆಗೆ ಮಾತ್ರ ನಮ್ಮಂಥ ಪ್ರವಾಸಿಗಳು ದೊಡ್ಡ ಬಿಲ್ ಕಟ್ಟಬೇಕಾಗಬಹುದು. ವಿಮೆ ಕೊಳ್ಳುವಾಗ ಬೆಟ್ಟದ ನಡಿಗೆ, ಸೈಕಲ್ ಸವಾರಿ ಎರಡೂ ಪಾಲಿಸಿಯಲ್ಲಿವೆಯೇ ಎಂದು ಓದಿ ನೋಡಿ. ರೆಸ್ಕ್ಯೂ ತಂಡದ ಡಬ್ಬಿ ಕಂಡರೆ ಒಂದಿಷ್ಟು ಹಾಕಿ ಬನ್ನಿ. ಬ್ರಾಂಡಲ್‌ಹೌ ಉಳಿದದ್ದೂ ಹೀಗೆ ಕೂಡಿದ ಹಣದಿಂದಲೇ.

ಹೋಗುವುದಾದರೆ ಸೆಪ್ಟೆಂಬರ್ ಒಳ್ಳೆಯದು. ಜುಲೈ ಕೊನೆಯಿಂದ ಆಗಸ್ಟ್ ಪೂರ್ತಿ ಅಲ್ಲಿನ ಶಾಲೆಗಳಿಗೆ ರಜೆ, ಅಕ್ಟೋಬರ್ ಕೊನೆಯಲ್ಲಿ ಮತ್ತೊಂದು ವಾರ ಬಿಡುವು. ಆ ದಿನಗಳಲ್ಲಿ ಅದೇ ಕೋಣೆಯ ಬಾಡಿಗೆ ಏರಿರುತ್ತದೆ. ಹಾಸ್ಟೆಲ್‌ನ ಪ್ರತ್ಯೇಕ ಕೋಣೆಗಳು ಬೇಗ ತುಂಬುವುದರಿಂದ ರದ್ದತಿಯ ನಿಯಮ ಓದಿಕೊಂಡು ಮೊದಲು ಅವನ್ನು ಕಾದಿರಿಸಿ, ಆಮೇಲೆ ವಿಮಾನದ ಟಿಕೆಟ್ ನೋಡಿ.